ಆ ಮೊಳೆ ನನ್ನ ಮೊಮ್ಮಗಳು ಬಿದ್ದ ಮೇಲೆ ಯಾಕೆ ಬಂತು?

ಒಂಟಿಚಕ್ರ ಸ್ಪರ್ಧೆಯ ಮುಖ್ಯ ತೀರ್ಪುಗಾರರಾದ ಮಾನ್ಯರೇ,

ನೀವು ನನ್ನ ಮೊಮ್ಮಗಳಿಗೆ ಎಲ್ಲರೆದುರು ಒಂದು ಮಾತು ಕೊಟ್ಟಿರಿ. ಅವಳ ಕಾಲು ನೆಲಕ್ಕೆ ತಾಗಿದ ಮರುಗಳಿಗೆಯಲ್ಲೇ ಅದನ್ನು ನುಂಗಿ ನೀರು ಕುಡಿದಿರಿ. ನಿಮ್ಮ ಕಚೇರಿಗೇ ಬಂದು ಕೇಳೋಣವೆಂದರೆ ಬಾಗಿಲಲ್ಲಿ ಕೂತ ಹುಡುಗಿ, "ಸಾಹೇಬ್ರು ಮೀಟಿಂಗ್‌ನಲ್ಲಿದಾರೆ ಅಜ್ಜಿ" ಅನ್ನುತ್ತಾಳೆ. ಯಾವಾಗ ಬಂದರೂ ಅದೇ ಮೀಟಿಂಗು. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನಾನು ಕಲಿತದ್ದು ಹಳ್ಳಿ ಶಾಲೆಯ ನಾಲ್ಕನೇ ಕ್ಲಾಸು. ತಪ್ಪಿದ್ದರೆ ಸರಿಮಾಡಿಕೊಳ್ಳಿ, ಎಲ್ಲ ಮುಗಿದ ಮೇಲೆ ಸರಿಮಾಡುವುದರಲ್ಲಿ ನೀವು ನಿಸ್ಸೀಮರು.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದೇ ಚಕ್ರ, ಮೇಲೊಂದು ಸೀಟು, ಹ್ಯಾಂಡಲ್ ಇಲ್ಲ. ಮೊದಲ ಸಲ ನೋಡಿದಾಗ ನಾನು, "ಇನ್ನೊಂದು ಚಕ್ರ ಅಂಗಡಿಯವನೇ ಇಟ್ಕೊಂಡನೇನೇ?" ಅಂದಿದ್ದೆ. ಅದರ ಮೇಲೆ ಕೂತು ಮರದ ದಿಮ್ಮಿ, ಟೈರು, ಗೋದಾಮಿನಲ್ಲಿ ಸರಕು ಪೇರಿಸುವ ಪ್ಯಾಲೆಟ್ಟು, ಎಲ್ಲದರ ಮೇಲೂ ಕಪ್ಪೆಯ ಹಾಗೆ ಕುಪ್ಪಳಿಸುತ್ತಾ ಆಚೆ ದಡ ಸೇರಬೇಕು. ನಡುವೆ ಕಾಲು ನೆಲಕ್ಕೆ ತಾಗಿದರೆ ಆ ಅಡೆತಡೆ ಕೈತಪ್ಪಿದಂತೆ.

ನಮ್ಮ ಮನೆಯ ಹಿಂದೆ, ಬಟ್ಟೆ ಒಣಹಾಕುವ ಜಾಗದಲ್ಲಿ ಅವಳ ಅಭ್ಯಾಸ. ಮುರುಕು ಬೆಂಚು, ಇಟ್ಟಿಗೆ, ಅವಳಪ್ಪ ಗ್ಯಾರೇಜಿನಿಂದ ಉರುಳಿಸಿಕೊಂಡು ಬಂದ ಟೈರು. ಪೇರಿಸಿದ್ದೇ ಕೂಗು: "ಅಜ್ಜೀ, ಬಂದು ಹತ್ತು!" ಮನೆಯಲ್ಲಿ ಎಲ್ಲರಿಗಿಂತ ತೂಕದವಳು ನಾನು. ಗೋಡೆ ಹಿಡಿದು ಹತ್ತಿ, ಆಚೆ ಈಚೆ ವಾಲಿ ನೋಡಿ, ಇಳಿದು "ಹೋಗು" ಅನ್ನುತ್ತೇನೆ. "ಅತ್ತೆಯವರನ್ನ ತಡ್ಕೊಂಡದ್ದು ಭೂಕಂಪಾನೂ ತಡ್ಕೊಳ್ಳುತ್ತೆ" ಎಂದು ಅಳಿಯನ ಕುಹಕ. ಇರಲಿ. ನಮ್ಮ ಮನೆಯಲ್ಲಿ "ಹೋಗು" ಅಂದರೆ ದೊಡ್ಡವರು ಹತ್ತಿ ನೋಡಿದ್ದಾರೆ ಎಂದು ಅರ್ಥ. ಎಲ್ಲ ದೊಡ್ಡವರೂ ಹಾಗೇ ಎಂದುಕೊಂಡು ಅವಳು ಬೆಳೆದಳು. ಅದೇ ಅವಳು ಮಾಡಿದ ತಪ್ಪು.

ಸ್ಪರ್ಧೆಯ ದಿನ ಅವಳಿಗೆ ಉಳಿದಿದ್ದು ಒಂದೇ ಅಡೆತಡೆ. ದಾಟಿದ್ದರೆ ದೊಡ್ಡ ಪಂದ್ಯಕ್ಕೆ ಆಯ್ಕೆ. ಇವಳಿಗಿಂತ ಮುಂಚಿನ ಹುಡುಗಿ ಹಾರುವಾಗ ಮೇಲಿನ ಪ್ಯಾಲೆಟ್ಟು ಒಂದು ಪಕ್ಕಕ್ಕೆ ಜರುಗಿತು. ಇವಳು ನೋಡಿದಳು, ಹೇಳಿದಳು.

"ಸರ್, ಮೇಲಿಂದು ಅಲ್ಲಾಡ್ತಿದೆ."

ನೀವು ಬಂದಿರಿ. ಒಂದು ಕೈಯಲ್ಲಿ ಫೋನು. ಇನ್ನೊಂದು ಕೈಯ ಎರಡು ಬೆರಳಿಂದ ಪ್ಯಾಲೆಟ್ಟನ್ನು ಒತ್ತಿದಿರಿ, ಹಣ್ಣು ಮಾಗಿದೆಯೋ ಇಲ್ಲವೋ ಅಂತ ನೋಡುವವರ ಹಾಗೆ.

"ಏನೂ ಆಗಲ್ಲಮ್ಮ, ಹೋಗು. ಜರುಗಿದ್ರೆ ಇನ್ನೊಂದು ಸಲ ಬಿಡ್ತೀನಿ. ನಾನಿದೀನಲ್ಲ!"

ಅವಳು, ನೋಡುವವರನ್ನು ತಡೆಯಲು ಕಟ್ಟಿದ್ದ ಹಗ್ಗದಾಚೆ ನಿಂತಿದ್ದ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಹಾರಿದಳು, ಪ್ಯಾಲೆಟ್ಟು ಜಾರಿತು, ಕಾಲು ನೆಲಕ್ಕೆ ಬಂತು.

"ಸರ್, ಇನ್ನೊಂದು ಸಲ..."

"ಕಾಲು ತಾಗಿದೆಯಮ್ಮ. ನಿಯಮ ಅಂದ್ರೆ ನಿಯಮ."

"ಈಗ ತಾನೇ ಹೇಳಿದ್ರಲ್ಲ ಸ್ವಾಮಿ!" ಎಂದು ನಾನು ಕೂಗಿದೆ.

"ಅಜ್ಜಿ, ಹಗ್ಗದಿಂದ ಆಚೆ ನಿಂತ್ಕೊಳ್ಳಿ."

ನಾನು ಆಚೆಯೇ ಇದ್ದೆ ಮಾನ್ಯರೇ. ಈಚೆ ಇದ್ದಿದ್ದರೆ ಆ ಪ್ಯಾಲೆಟ್ಟನ್ನು ನಾನೇ ಹತ್ತುತ್ತಿದ್ದೆ.

ಆಮೇಲೆ ಏನು ಮಾಡಿದಿರಿ? ಬಡಗಿಯನ್ನು ಕರೆಸಿ, ಪ್ಯಾಲೆಟ್ಟನ್ನು ಮೊದಲಿದ್ದ ಕಡೆಗೆ ಎಳೆಸಿ, ಮೊಳೆ ಹೊಡೆಸಿದಿರಿ. ಗಟ್ಟಿಯಾಗಿತ್ತು ಎಂದರೆ ಮೊಳೆ ಯಾಕೆ? ಗಟ್ಟಿಯಾಗಿರಲಿಲ್ಲ ಎಂದರೆ ಅವಳ ಕಾಲಿನದೇನು ತಪ್ಪು? ನಿಮ್ಮ ನಿಯಮದ ಪುಸ್ತಕವನ್ನು ಬೆರಳಿಟ್ಟು ಓದಿದ್ದೇನೆ. ಸ್ಪರ್ಧಿಗಳು ಅಡೆತಡೆಯನ್ನು ಮುಟ್ಟಿ ಪರೀಕ್ಷಿಸುವಂತಿಲ್ಲವಂತೆ. ಒಪ್ಪಿದೆ. ಜರುಗಿದ್ದನ್ನು ಮುಂದಿನ ಸ್ಪರ್ಧಿಗೆ ಮುನ್ನ ಮೊದಲಿನಂತೆ ನಿಲ್ಲಿಸತಕ್ಕದ್ದು ಎಂದೂ ಇದೆ. ಆ "ಮುಂದಿನ ಸ್ಪರ್ಧಿ" ನನ್ನ ಮೊಮ್ಮಗಳಲ್ಲವೇ? ಮುಂದಿನವಳು ಎಂದರೆ ಇವಳನ್ನು ಬೀಳಿಸಿದ ಮೇಲೆ ಬರುವವಳು ಎಂದು ಯಾವ ಕಾಲೇಜಿನಲ್ಲಿ ಕಲಿಸುತ್ತಾರೆ? ಮುಟ್ಟಬೇಡ ಎಂದು ಮಕ್ಕಳ ಕೈ ಕಟ್ಟಿದ ಮೇಲೆ ಅವರ ಪಾಲಿಗೆ ಉಳಿಯುವುದು ನಿಮ್ಮ ಮಾತೊಂದೇ. ಆ ಮಾತೇ ಅಲ್ಲಾಡಿದರೆ ಅವರು ಚಕ್ರ ಇಡುವುದು ಎಲ್ಲಿ?

ಮೊಳೆ ಹೊಡೆದ ಮೇಲೆ ಹಾರಿ ಗೆದ್ದವಳು ಬೇಕರಿಯವರ ಮಗಳು. ಮಾರನೇ ದಿನ ನಮ್ಮ ಮನೆಗೆ ಬಂದಳು. ಒಳಗೆ ಬಾ ಅಂದರೂ ಹೊಸ್ತಿಲು ದಾಟಲಿಲ್ಲ. "ಅಜ್ಜಿ, ನನಗೆ ಮೊಳೆ ಹೊಡೆದಿದ್ರು. ಅವಳಿಗೆ ಹೊಡೆದಿರ್ಲಿಲ್ಲ" ಎಂದು ಅತ್ತು ಹೋದಳು. ಆ ಮಗುವಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನೀವು ಆಡಬೇಕಾದ ಮಾತನ್ನು ಅವಳು ಬಂದು ಆಡಿದಳಲ್ಲ, ಅದಕ್ಕೆ ನಿಮಗೆ ನಾಚಿಕೆಯಾಗಬೇಕು.

ಸೋಲು ಬಿಡಿ, ಸೋತವರು ಮತ್ತೆ ಗೆಲ್ಲುತ್ತಾರೆ. ನೀವು ಕಿತ್ತುಕೊಂಡಿದ್ದು ಬೇರೆ. ಈಗ ಅವಳು ಕೂರುವ ಮುಂಚೆ ಕುರ್ಚಿಯನ್ನು ಒತ್ತಿ ನೋಡುತ್ತಾಳೆ. ಹಾಲು ಕೊಟ್ಟು, ಬಿಸಿ ಇಲ್ಲ ಕುಡಿ ಎಂದರೆ ಮೊದಲು ಬೆರಳು ಅದ್ದುತ್ತಾಳೆ. ನಿನ್ನೆ ನಾನೇ ಬೆಂಚು ಪೇರಿಸಿ, ಹತ್ತಿ, ವಾಲಿ, ಇಳಿದು "ಹೋಗು" ಅಂದೆ. ಅವಳು ಬಂದು ಬೆಂಚನ್ನು ಕೈಯಿಂದ ಅಲ್ಲಾಡಿಸಿದಳು. ಅದು ಅಲ್ಲಾಡಲಿಲ್ಲ. ಆದರೂ ಚಕ್ರವನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು.

ನನಗೆ ನಿಮ್ಮ ಬಹುಮಾನದ ಕಪ್ಪು ಬೇಡ. ಬೇಕರಿ ಹುಡುಗಿ ಗೆದ್ದದ್ದು ಅವಳದೇ ಇರಲಿ. ಅದೇ ಮೈದಾನದಲ್ಲಿ ಅದೇ ಪ್ಯಾಲೆಟ್ಟುಗಳನ್ನು ಪೇರಿಸಿ, ನೀವು ಬಿಡ್ತೀನಿ ಅಂದ ಆ ಇನ್ನೊಂದು ಸಲವನ್ನು ನನ್ನ ಮೊಮ್ಮಗಳಿಗೆ ಕೊಡಿ. ಹೋಗು ಎನ್ನುವವರು ಮೊದಲು ತಾವು ಹತ್ತಿ ನೋಡತಕ್ಕದ್ದು ಎಂದು ನಿಮ್ಮ ಪುಸ್ತಕಕ್ಕೆ ಸೇರಿಸಿ. ಮತ್ತು ಅವತ್ತು ಮೊದಲು ನೀವೇ ಹತ್ತಿ. ಫೋನು ಕೆಳಗಿಟ್ಟು ಹತ್ತಿ. ಆಚೆ ಈಚೆ ವಾಲಿ ನೋಡಿ. ಬೀಳದಿದ್ದರೆ ಇಳಿದು ಬಂದು, ಅವಳ ಮುಖ ನೋಡಿ "ಹೋಗು" ಅನ್ನಿ. ಅಷ್ಟಾದ ಮೇಲೂ ಅವಳು ಕೈಯಿಂದ ಒತ್ತಿ ನೋಡಿದರೆ, ದಯವಿಟ್ಟು ನಿಯಮ ಹೇಳಬೇಡಿ. ಆ ಅಭ್ಯಾಸ ಅವಳಿಗೆ ಹಿಡಿಸಿದವರು ನೀವು.

ಇಂತಿ,
ನಿಮ್ಮ ಮಾತಿಗೆ ಹಗ್ಗದಾಚೆಯಿಂದ ತಲೆಯಾಡಿಸಿದ ಅಜ್ಜಿ