ಹೆಸರಿನ ಮೇಲೆ ಗೀಟು

ನನ್ನ ಮಾರಿಬೆಲ್‌ಳ ಜ್ಞಾನತಾಯಿ, ನನ್ನ ಕೋಮಾದ್ರೆ ಒಟಿಲಿಯಾಗೆ,

ಇವತ್ತು ತಪಸ್ಸುಕಾಲದ ಶುಕ್ರವಾರ, ಉಪವಾಸ. ಮಧ್ಯಾಹ್ನದ ತನಕ ಹಾಲಿಲ್ಲದ ಕಾಫಿ ಬಿಟ್ಟರೆ ಬೇರೇನೂ ಇಲ್ಲ. ಬೆಳಿಗ್ಗೆ ಎದ್ದು ಸುಣ್ಣದ ನೀರಿನಲ್ಲಿ ನೆನೆದಿದ್ದ ಮೆಕ್ಕೆಜೋಳವನ್ನು ಉಜ್ಜಿ ತೊಳೆದೆ, ಅಂಗಳ ಗುಡಿಸಿದೆ, ನೀನು ಬೇಲಿಯ ಹತ್ತಿರ ನೆಟ್ಟುಹೋದ ಕಳ್ಳಿಯ ಎಳೆಯ ಎಲೆ ಕೊಯ್ದು ಮುಳ್ಳು ಕೆರೆದಿಟ್ಟೆ. ಅದು ನಿನ್ನ ಹಾಗೆಯೇ, ಯಾರೂ ನೀರು ಹಾಕದಿದ್ದರೂ ಕೊಬ್ಬುತ್ತದೆ. ಫೋನು ಮಾಡಿದರೆ ನೀನು ಎತ್ತುವುದಿಲ್ಲ. ಅದಕ್ಕೇ ಕಾಗದ ಹಿಡಿದು ಕೂತಿದ್ದೇನೆ.

ಸುದ್ದಿ ಏನೆಂದರೆ, ನಮ್ಮ ಪಕ್ಕದ ಹಸಿರು ಬಾಗಿಲ ಮನೆ ಖಾಲಿಯಾಗಿದೆ. ಮುದುಕಿ ಇಬಾರಾ ಚಾವಣಿ ರಿಪೇರಿ ಮಾಡಿಸುತ್ತಿದ್ದಾಳೆ, ಬೇಸಿಗೆಗೆ ಬಾಡಿಗೆಗೆ ಕೊಡುತ್ತಾಳಂತೆ. ನಿನ್ನ ಹೆಸರು ಹೇಳಿದೆ. "ಒಟಿಲಿಯಾನಾ? ಅವಳ ಕೈಯ ತಮಾಲೆ ತಿಂದು ವರ್ಷ ಆಯ್ತಲ್ಲೇ, ಬರ್ಲಿ" ಅಂದಳು. ಆದರೆ ಕೀಲಿಕೈ ಇರುವುದು ಅವಳ ಅಳಿಯನ ಹತ್ತಿರ. ಅವನು ಕ್ರೆಡಿಟ್ ಸ್ಕೋರ್ ನೋಡದೆ ಸ್ವಂತ ತಾಯಿಗೂ ಬಾಗಿಲು ತೆರೆಯುವವನಲ್ಲ.

ಸ್ಕೋರ್ ಅಂದ ಕೂಡಲೇ ಕಾಗದ ಮಡಿಸಿಡಬೇಡ ಕೋಮಾದ್ರೆ. ಪೂರ್ತಿ ಓದು.

ನಾನು ಗಡಿ ದಾಟಿ ಸ್ಯಾನ್ ಆಂಟೋನಿಯೋಗೆ ಬಂದ ಹೊಸದು ನೆನಪಿದೆಯಾ? ಟೈರ್ ಅಂಗಡಿಯ ಹಿಂದಿನ ಆ ಎರಡು ಕೋಣೆ, ನಡುವೆ ಒಂದೇ ಗೋಡೆ. ನೀನು ಆ ಕಡೆಯಿಂದ ಸೌಟಿನಲ್ಲಿ ಬಡಿದರೆ ಕಾಫಿ ಆಯಿತು ಅಂತ ಅರ್ಥ. ಮಾರಿಬೆಲ್ ಇನ್ನೂ ಮೊಲೆ ಬಿಟ್ಟಿರಲಿಲ್ಲ. ಹಾಲು ಕೆಡುತ್ತದೆ, ಫ್ರಿಜ್ ಬೇಕು ಅಂತ ನನ್ನನ್ನು ಅಂಗಡಿಗೆ ಕರೆದುಕೊಂಡು ಹೋದವಳು ನೀನು. ಕಂತಿನಲ್ಲಿ ಕೊಡಿ ಅಂತ ನಾನು ಕೇಳಿದೆ. ಅಂಗಡಿಯ ಹುಡುಗಿ ಕಂಪ್ಯೂಟರ್ ಒತ್ತಿ ಒತ್ತಿ, "ಅಮ್ಮಾ, ನಿಮ್ಮ ಹೆಸರೇ ಇಲ್ಲವಲ್ಲ" ಅಂದಳು. ನನಗೆ ಉರಿದುಹೋಯಿತು. "ಹೆಸರಿಲ್ಲ ಅಂದ್ರೆ? ನಮ್ಮೂರಲ್ಲಿ ಹಂದಿಗೂ ಹೆಸರಿಟ್ಟಿದ್ದೀವಿ!" ನೀನು ನಕ್ಕು ನಕ್ಕು ಅಲ್ಲೇ ಒಂದು ಫ್ರಿಜ್ಜಿಗೆ ಒರಗಿಕೊಂಡೆ.

ಮನೆಗೆ ಬಂದವಳೇ ನೀನು ಬ್ಯಾಂಕಿಗೆ ಫೋನು ಹಚ್ಚಿದೆ. ನಿನ್ನ ಹಳೆಯ ಕಾರ್ಡಿಗೆ ನನ್ನ ಹೆಸರನ್ನೂ ಸೇರಿಸಿ ಅಂದೆ. ಇವಳು ನಿಮಗೆ ಏನಾಗಬೇಕು ಅಂತ ಅವರು ಕೇಳಿದರು. ಕೋಮಾದ್ರೆ ಅಂದರೆ ಅವರಿಗೆ ತಿಳಿಯಲಿಲ್ಲ. ಮಗಳ ಜ್ಞಾನಸ್ನಾನದ ದಿನ ಕೂಸನ್ನು ಎತ್ತಿಕೊಂಡವಳಿಗೂ ಹೆತ್ತವಳಿಗೂ ಇರುವ ನಂಟನ್ನು ಬರೆದುಕೊಳ್ಳಲು ಅವರಲ್ಲಿ ಜಾಗವಿರಲಿಲ್ಲ. "ತಂಗಿ ಅಂತ ಬರ್ಕೊಳ್ಳಪ್ಪಾ, ಇದಕ್ಕೇನು ಪಾದ್ರಿ ಸಹಿ ಬೇಕಾ?" ಅಂತ ನೀನು ಗದರಿದೆ. ಕಾರ್ಡು ಅಂಚೆಯಲ್ಲಿ ಬಂದ ದಿನ ನನ್ನ ಕೈಗಿಟ್ಟು, "ಇದು ಉಜ್ಜೋಕಲ್ಲ ಕಣೇ, ಹೆಸರು ಬೆಳೆಯೋಕೆ. ಪರ್ಸಲ್ಲಿ ಗ್ವಾದಲೂಪೆ ಅಮ್ಮನ ಪಟದ ಹಿಂದೆ ಇಟ್ಕೋ" ಅಂದೆ. ನೀನು ವರ್ಷಗಟ್ಟಲೆ ತಪ್ಪದೆ ಕಟ್ಟಿದ ಒಳ್ಳೆಯತನವೆಲ್ಲ ನನ್ನ ಹೆಸರಿನ ಮೇಲೂ ಬಂದು ಕೂತಿತು. ಆಮೇಲೆ ನನ್ನದೇ ಕಾರ್ಡು ಸಿಕ್ಕಿತು, ಫ್ರಿಜ್ಜೂ ಬಂತು. ಅದರಲ್ಲಿ ಮೊದಲು ಇಟ್ಟದ್ದು ನೀನು ಮಾಡಿದ ಕಾಪಿರೋತಾದ. ಬ್ರೆಡ್ಡು, ಬೆಲ್ಲದ ಪಾಕ, ಚೀಸು, ದಾಲ್ಚಿನ್ನಿ. ಈಗಲೂ ತಪಸ್ಸುಕಾಲ ಬಂದರೆ ನಾನು ಮಾಡುತ್ತೇನೆ. ನಿನ್ನದರ ಹಾಗೆ ಆಗುವುದಿಲ್ಲ, ಪಾಕ ಗಟ್ಟಿಯಾಗುತ್ತದೆ.

ನಿನ್ನ ಗಂಡ ಎಲುತೇರಿಯೋಗೆ ಕಿಡ್ನಿ ಕೈಕೊಟ್ಟಾಗ ಔಷಧಿಯೆಲ್ಲ ಕಾರ್ಡಿನ ಮೇಲೆ ಹೋಯಿತು. ಒಂದು ಕಾರ್ಡು ತುಂಬಿತು, ನೀನು ಇನ್ನೊಂದು ಮಾಡಿಸಿದೆ. ಆಗ ನೀನು ಮಾಡಿದ ಮೊದಲ ಕೆಲಸ ನಿನ್ನ ಕಾರ್ಡಿನಿಂದ ನನ್ನ ಹೆಸರು ತೆಗೆಸಿದ್ದು. ನನಗೆ ಎದೆ ಚುಳ್ಳೆಂದಿತ್ತು. "ನನ್ನ ಕೆಸರು ನಿನ್ನ ಮೇಲೆ ಹಾರೋದು ಬೇಡ" ಅಂತ ನೀನು ಅಂದ ಮೇಲೆ ತಿಳಿಯಿತು. ಅವನು ತೀರಿಹೋದ ಮೇಲೆ ನೀನು ಜೋಳದ ಸಿಪ್ಪೆಯಲ್ಲಿ ಹಿಟ್ಟು ಸುತ್ತಿ ಬೇಯಿಸಿ ಚರ್ಚಿನ ಬಾಗಿಲಲ್ಲಿ ತಮಾಲೆ ಮಾರಿದೆ. ಬಡ್ಡಿ ಜಾಸ್ತಿ ತಿನ್ನುವ ಕಾರ್ಡನ್ನು ಮೊದಲು ಮುಗಿಸಿ ಅಂತ ಚರ್ಚಿಗೆ ಬರುವ ಸಾಲದ ಸಲಹೆಯ ಮೇಡಂ ಹೇಳಿದ್ದನ್ನು ಜಪದ ಹಾಗೆ ಪಾಲಿಸಿದೆ. ಹೊಸ ಚಪ್ಪಲಿ ಸಹ ಕೊಳ್ಳಲಿಲ್ಲ ನೀನು.

ಕೊನೆಯ ಕಂತು ಕಟ್ಟಿದ ದಿನ ಎಲ್ಲ ಕಾರ್ಡುಗಳನ್ನೂ ಕತ್ತರಿಯಲ್ಲಿ ತುಂಡು ಮಾಡಿ, ಬ್ಯಾಂಕಿನವರಿಗೆ "ನನ್ನ ಹೆಸರು ಹೊಡೆದುಹಾಕಿ" ಅಂದೆಯಲ್ಲ, ನಾನೂ ಪಕ್ಕದಲ್ಲೇ ನಿಂತು ಚಪ್ಪಾಳೆ ತಟ್ಟಿದೆ. ನಮಗೆ ಗೊತ್ತಿದ್ದದ್ದು ಅಷ್ಟೇ ಅಲ್ಲವಾ? ನಿಮ್ಮೂರಲ್ಲೂ ನಮ್ಮೂರಲ್ಲೂ ಉದ್ರಿ ತೀರಿದರೆ ಅಂಗಡಿಯವನು ಎಲ್ಲರ ಎದುರು ಹೆಸರಿನ ಮೇಲೆ ಉದ್ದಕ್ಕೆ ಗೀಟು ಎಳೆದು, ಒಂದು ತುಂಡು ಬೆಲ್ಲ ಕೈಗಿಡುತ್ತಿದ್ದ. ಅಪ್ಪ ಆ ಬೆಲ್ಲ ನಮಗೆ ಹಂಚಿ ಎದೆ ಸೆಟೆಸಿ ನಡೆಯುತ್ತಿದ್ದ. ಗೀಟು ಬಿದ್ದ ಹೆಸರೇ ಮರ್ಯಾದೆಯ ಹೆಸರು. ಇಲ್ಲಿ ಹಾಗಲ್ಲ, ಕಾರ್ಡು ಇಟ್ಟುಕೊಂಡು ತಪ್ಪದೆ ಕಟ್ಟುತ್ತಿದ್ದರೇ ಹೆಸರು ಅಂತ ಯಾರು ಹೇಳಿದ್ದರು? ಕಾಯಿಲೆಯ ದಿನಗಳಲ್ಲಿ ತಪ್ಪಿದ ಕಂತುಗಳ ಕಲೆ ಉಳಿಯಿತು, ಅದನ್ನು ಮುಚ್ಚುವ ಕಾರ್ಡು ಒಂದೂ ಉಳಿಯಲಿಲ್ಲ. ಬಾಡಿಗೆ ಮನೆ ಕೇಳಲು ಹೋದರೆ ಸ್ಕೋರ್ ಮೊದಲಿಗಿಂತ ಕೆಳಗೆ. "ಸಾಲ ಇದ್ದಾಗ ಮನುಷ್ಯಳಾಗಿದ್ದೆ, ತೀರಿಸಿದ ಮೇಲೆ ಯಾರೂ ಅಲ್ಲ" ಅಂದು ಲಾರೆಡೋದ ಅಣ್ಣನ ಮಗನ ಮನೆಗೆ ಹೊರಟುಹೋದೆ. ಅವನ ಹೆಂಡತಿ ನಿನ್ನನ್ನು ಅಡುಗೆಮನೆಯಲ್ಲಿ ಮಲಗಿಸುತ್ತಾಳೆ ಅಂತ ಕೇಳಿದೆ. ನೀನು ಹೇಳಲಿಲ್ಲ, ಆದರೂ ಕೇಳಿದೆ.

ಮೇಡಂ ಹತ್ತಿರ ವಿಚಾರಿಸಿಕೊಂಡು ಬಂದಿದ್ದೇನೆ. ನನ್ನ ಹಳೆಯ ಕಾರ್ಡಿಗೆ ನಿನ್ನ ಹೆಸರು ಸೇರಿಸಿದರೆ ಒಂದೆರಡು ತಿಂಗಳಲ್ಲಿ ಸ್ಕೋರ್ ಮೇಲೇಳಬಹುದಂತೆ. ಖಂಡಿತ ಅಂತ ಅವರು ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಪ್ರಯತ್ನಿಸೋಣ. ನಾನು ಉಪಕಾರ ಮಾಡುತ್ತಿದ್ದೇನೆ ಅಂತ ತಿಳಿಯಬೇಡ. ಆ ಕಾರ್ಡಿನ ಬೇರು ನಿನ್ನದೇ. ಟೊಮೇಟೊ ಸಸಿ ಕೊಟ್ಟವಳಿಗೆ ಬುಟ್ಟಿ ತುಂಬ ಹಣ್ಣು ಕಳಿಸಿದರೆ ಅದು ದಾನವಾ?

ಬ್ಯಾಂಕಿನವರಿಗೆ ನಿನ್ನ ಹುಟ್ಟಿದ ತಾರೀಖು ಬೇಕು. ನಿನಗೆ ಹೆಸರು ಕೊಟ್ಟ ಸಂತಳ ಹಬ್ಬದ ದಿನವೇ ನೀನು ಹುಟ್ಟಿದ್ದು ಅಂತ ಗೊತ್ತು, ವರ್ಷ ಗೊತ್ತಿಲ್ಲ. ನಾನು ಬಂದಾಗಿನಿಂದ ನನಗಿಂತ ಚಿಕ್ಕವಳು ಅಂತ ಹೇಳುತ್ತಲೇ ಇದ್ದೀಯ. ನನಗೆ ಐವತ್ತಾಯಿತು. ಬ್ಯಾಂಕಿಗೆ ಮಾತ್ರ ನಿಜ ಹೇಳು, ಪುಣ್ಯ ಬರುತ್ತದೆ. ಈ ಸಲವೂ ಅವರು ಇವಳು ನಿಮಗೆ ಏನಾಗಬೇಕು ಅಂತ ಕೇಳುತ್ತಾರೆ. ಅಕ್ಕನೋ ತಂಗಿಯೋ, ನಿನ್ನ ತಾರೀಖು ನೋಡಿ ಬರೆಸುತ್ತೇನೆ.

ಗ್ವಾದಲೂಪೆಯ ಅಮ್ಮ ತನ್ನ ನಕ್ಷತ್ರದ ಹೊದಿಕೆಯನ್ನು ನಿನ್ನ ಮೇಲೂ ಹೊದಿಸಲಿ. ಗರಿಗಳ ಭಾನುವಾರದ ಹಿಂದಿನ ದಿನ ಮಾರಿಬೆಲ್ ಕಾರಿನಲ್ಲಿ ಅಲ್ಲಿಗೆ ಬರುತ್ತಾಳೆ. ನಿನ್ನ ಉತ್ತರವನ್ನು ಅವಳ ಕೈಲೇ ಕೊಟ್ಟು ಕಳಿಸು. ಲಕೋಟೆ ಅಂಟಿಸಿ ಕೊಡು, ನಿನ್ನ ವಯಸ್ಸನ್ನು ಅವಳು ಓದುವುದಿಲ್ಲ. ಉತ್ತರದ ಜೊತೆ ನೀನೂ ಕಾರು ಹತ್ತಿದರೆ, ಹಸಿರು ಬಾಗಿಲು ತೆರೆಯುವ ತನಕ ನನ್ನ ಮಂಚದ ಅರ್ಧ ನಿನ್ನದು.

ಗೋಡೆಯ ಈ ಕಡೆಯಿಂದ ಸೌಟು ಬಡಿಯುತ್ತಾ,
ನಿನ್ನ ಚೋನಾ