ಖಾಲಿ ಎಂದು ಕೊಟ್ಟ ಬಂದೂಕು

ಗುರುವಾರ, ಹದಿನಾಲ್ಕನೇ ತಾರೀಕು
ಅಂಗಡಿಯಿಂದ

ಅಣ್ಣನಿಗೆ,

'ಪ್ರೀತಿಯ' ಅಂತ ಶುರುಮಾಡಲು ಹೋದೆ, ಪೆನ್ನು ಒಪ್ಪಲಿಲ್ಲ. ಅತ್ತಿಗೆಯ ಮಂಡಿನೋವು ಹೇಗಿದೆ? ಅವರಿಗೆ ಮಾತ್ರ ನನ್ನ ನಮಸ್ಕಾರ ತಿಳಿಸು.

ಲೈಸೆನ್ಸ್ ಕಚೇರಿಗೆ ನೀನು ಕೊಟ್ಟ ತಕರಾರು ಅರ್ಜಿಯ ನಕಲು ನಿನ್ನೆ ಕೈಸೇರಿತು. ನಿನ್ನ ತಂಗಿ ಹೊಲಿಗೆ ಯಂತ್ರ ರಿಪೇರಿ ಮಾಡುವವಳಂತೆ, ಬಂದೂಕಿನ ಗಂಧಗಾಳಿ ಗೊತ್ತಿಲ್ಲವಂತೆ, ಅವಳ ಕೈಯಲ್ಲಿ ಅದು ಇದ್ದರೆ ಅಪಾಯವಂತೆ. ಆಹಾ! ಇಪ್ಪತ್ತೆರಡು ವರ್ಷದಿಂದ ಸ್ಪ್ರಿಂಗು, ಸ್ಕ್ರೂ, ಹಲ್ಲುಚಕ್ರಗಳ ಜೊತೆ ಸಂಸಾರ ಮಾಡಿದವಳು ನಾನು. ನಿನ್ನ ಮನೆಯ ಬಾಗಿಲು ಕಿರುಗುಟ್ಟಿದರೂ ಎಣ್ಣೆ ಬಿಡಲು ನಾನೇ ಬರಬೇಕು. ಅಂಥ ನೀನು ನೆಂಟರ ಮುಂದೆ, ಅಪ್ಪ ಮಂಗನ ಕೈಗೆ ಮಾಣಿಕ್ಯ ಕೊಟ್ಟು ಹೋದರು ಅಂದೆಯಂತೆ. ನಾಲಿಗೆಗೆ ಎಲುಬಿಲ್ಲ, ನಿಜ. ಆದರೆ ನಾಲಿಗೆಯ ಯಜಮಾನನಿಗೆ ನಾಚಿಕೆಯಾದರೂ ಇರಬೇಕಲ್ಲ?

ಮೂವತ್ತು ವರ್ಷ ಗೋದಾಮು ಕಾಯುವಾಗ ಅಪ್ಪ ಹೆಗಲಿಗೇರಿಸಿಕೊಂಡಿದ್ದ ಬಂದೂಕು ಅದು. ಅವರು ಕೊಂಡಾಗಲೇ ಅದು ಹಳೆಯದು. ಉಯಿಲಿನಲ್ಲಿ ನನ್ನ ಹೆಸರು ಬರೆದದ್ದು ನನ್ನ ಮೇಲಿನ ಮೋಹಕ್ಕಲ್ಲ. ಮಗನಿಗೆ ಕೊಟ್ಟರೆ ಗೋಡೆಗೆ ನೇತುಹಾಕ್ತಾನೆ, ಮಗಳಿಗೆ ಕೊಟ್ಟರೆ ಒರೆಸಿ ಇಡ್ತಾಳೆ ಅಂತ ಅವರೇ ಹೇಳುತ್ತಿದ್ದರು. ಅವರು ತೀರಿಕೊಂಡ ವಾರವೇ ನೀನು ಅದನ್ನು ಒಯ್ದು ಹಾಲ್‌ನ ಗೋಡೆಗೆ ನೇತುಹಾಕಿದೆ. ಹದಿನಾಲ್ಕು ತಿಂಗಳಲ್ಲಿ ಒಂದು ದಿನವಾದರೂ ಬಟ್ಟೆ ಮುಟ್ಟಿಸಿದೆಯಾ? ಕಚೇರಿಯವರು ತಾತ್ಕಾಲಿಕ ಲೈಸೆನ್ಸನ್ನು ನನ್ನ ಹೆಸರಿಗೆ ಮಾಡಿದ ಮೇಲೆ, ಹರಿದ ಚಾದರದಲ್ಲಿ ಸುತ್ತಿ, ತಗೋ ಖಾಲಿ ಇದೆ ಅಂತ ಕೊಟ್ಟೆ.

ಖಾಲಿ! ಈಗ ಕೇಳು. ಪೇಟೆಯಲ್ಲಿ ಬಂದೂಕು ರಿಪೇರಿ ಮಾಡುವ ಮೇಷ್ಟ್ರೊಬ್ಬರಿದ್ದಾರೆ. ಪ್ರತಿ ಭಾನುವಾರ ಅವರ ಹತ್ತಿರ ಪಾಠಕ್ಕೆ ಹೋಗುತ್ತಿದ್ದೇನೆ. ಮೊದಲ ದಿನ, ಖಾಲಿಯಾ ಅಂತ ಕೇಳಿದರು. ಅಣ್ಣ ಖಾಲಿ ಅಂತಲೇ ಕೊಟ್ಟಿದ್ದಾನೆ ಅಂದೆ. ಅವರು ಕನ್ನಡಕದ ಮೇಲಿಂದ ನನ್ನನ್ನು ನೋಡಿ, ನಾನು ನಿಮ್ಮಣ್ಣನ್ನ ಕೇಳ್ಲಿಲ್ಲಮ್ಮ, ಬಂದೂಕನ್ನ ಕೇಳು ಅಂದೆ ಅಂದರು. ಕೇಳುವುದು ಹೇಗೆ ಅಂತಲೂ ಕಲಿಸಿದರು. ನಳಿಗೆಯ ಮುಖ ಮರಳು ತುಂಬಿದ ಡ್ರಮ್ಮಿನ ಕಡೆ. ಟ್ರಿಗರ್ ಹತ್ತಿರ ಬೆರಳು ಸುಳಿಯಕೂಡದು. ಕೆಳಗಿನ ಮರದ ಹಿಡಿಯನ್ನು ಪೂರ್ತಿ ಹಿಂದಕ್ಕೆಳೆದು, ಗುಂಡು ಸಿಡಿಯುವ ಜಾಗವನ್ನು ಕಣ್ಣಲ್ಲಿ ನೋಡಿ, ಕಣ್ಣನ್ನೂ ನಂಬದೆ ಬೆರಳಲ್ಲಿ ಮುಟ್ಟಬೇಕು. ಅಲ್ಲಿ ಏನೂ ಇರಲಿಲ್ಲ. ಆಮೇಲೆ ನಳಿಗೆಯ ಕೆಳಗೆ ತೋಟಾ, ಅಂದರೆ ಕಾಡತೂಸು, ತುಂಬುವ ಕೊಳವೆ. ಅದರೊಳಗೆ ಬೆರಳು ತೂರಿಸಿದರೆ ಸ್ಪ್ರಿಂಗಿನ ತುದಿಯ ತಗಡು ತಾಕಬೇಕು. ತಾಕಲೇ ಇಲ್ಲ. ತೆಳ್ಳನೆಯ ಕೋಲು ಹಾಕಿ ನೋಡಿದ ಮೇಷ್ಟ್ರ ಮುಖದ ಬಣ್ಣವೇ ಬದಲಾಯಿತು.

ಮುಂದಿನ ಮುಚ್ಚಳ ತಿರುಗಿಸಿ ತೆಗೆದರು. ಸ್ಪ್ರಿಂಗು ತುಕ್ಕು ಹಿಡಿದು ಅರ್ಧಕ್ಕೆ ಕೂತುಬಿಟ್ಟಿತ್ತು. ಕೋಲಿನಿಂದ ಮೆಲ್ಲಗೆ ತಳ್ಳಿದಾಗ ಮೇಜಿನ ಮೇಲೆ ಬಿತ್ತು ನೋಡು, ಅಪ್ಪನ ಹಳೇ ಡಬ್ಬಿಯ, ಕಾಗದದ ಹೊದಿಕೆಯ ತೋಟಾ. ಥಂಡಿಗೆ ಊದಿಕೊಂಡು ಕೊಳವೆಯ ಆಳದಲ್ಲಿ ಸಿಕ್ಕಿಹಾಕಿಕೊಂಡಿತ್ತು. ಇದು ಈಗಲೂ ಸಿಡಿಯುತ್ತದಾ ಅಂತ ಕೇಳಿದೆ. ಸಿಡಿಯಲ್ಲ ಅಂತ ಯಾರೂ ಬರೆದುಕೊಡಲ್ಲಮ್ಮ ಅಂದರು. ಅದು ಯಾವಾಗಿನಿಂದ ಅಲ್ಲಿತ್ತು ಅನ್ನುವ ಮಾತು ಈಗ ಬೇಡ. ನಿನ್ನ ಗೋಡೆಯ ಮೇಲೆ ಇತ್ತು, ಅಷ್ಟು ಸಾಕು.

ನಾನು ಬಂದೂಕು ಕೇಳಲು ಬಂದ ದಿನ ನೆನಪಿದೆಯಾ? ಸೋಫಾದ ತುಂಬ ನಿನ್ನ ಆಫೀಸಿನವರು. ಗೋಡೆಯಿಂದ ಇಳಿಸಿ, ನನ್ನ ಎದೆಗೆ ನೇರ ಗುರಿಯಿಟ್ಟು, ಹಿಡಿಯನ್ನು ಚಕ್ ಚಕ್ ಅಂತ ಎಳೆದು, ಟ್ರಿಗರ್ ಒತ್ತಿದೆ. ಟಕ್ ಅಂದಿತು. ನೋಡಿ ಹೆಂಗೆ ಬೆವೆತಳು ಅಂತ ನಕ್ಕೆ. ಎಲ್ಲರೂ ನಕ್ಕರು. ಮರ್ಯಾದೆಗೆ ಅಂಜಿ ನಾನೂ ನಕ್ಕೆನಲ್ಲ, ಅದನ್ನು ನೆನೆದರೆ ಈಗಲೂ ಮೈಯೆಲ್ಲ ಉರಿಯುತ್ತದೆ. ನಿನ್ನ ಆ ಎಳೆತಕ್ಕೆ ತೋಟಾ ಒಂದಿಷ್ಟು ಸಡಿಲವಾಗಿದ್ದರೆ ನೆಟ್ಟಗೆ ನಳಿಗೆಗೆ ಏರುತ್ತಿತ್ತು. ನೀನು ಒಂದೇ ಒಂದು ಸಲ ಎಣ್ಣೆ ಬಿಟ್ಟಿದ್ದರೂ ನಾನು ಇವತ್ತು ಇರುತ್ತಿರಲಿಲ್ಲ. ನಿನ್ನ ಸೋಮಾರಿತನಕ್ಕೆ ನಾನು ಋಣಿಯಾಗಿರಬೇಕೇ, ಹೇಳು!

ಆ ಬಂದೂಕನ್ನು ಈಗ ನಾನು ಕಣ್ಣು ಮುಚ್ಚಿಕೊಂಡು ಬಿಚ್ಚಿ ಜೋಡಿಸಬಲ್ಲೆ. ಹೊಸ ಸ್ಪ್ರಿಂಗು ಹಾಕಿದ್ದೇನೆ. ಕಬ್ಬಿಣಕ್ಕೆ ಯಾವ ಎಣ್ಣೆ, ಮರಕ್ಕೆ ಯಾವ ಎಣ್ಣೆ, ಎಷ್ಟು ಬಿಟ್ಟರೆ ಜಿಡ್ಡಾಗಿ ಧೂಳು ಕಟ್ಟುತ್ತದೆ, ಇದನ್ನೆಲ್ಲ ಯಾರೂ ಹೇಳಿಕೊಡಬೇಕಾಗಿಲ್ಲ, ಹೊಲಿಗೆ ಯಂತ್ರದ ಸಹವಾಸ ದೊಡ್ಡದು. ಕಷ್ಟವಾದದ್ದು ಹಿಡಿ ಎಳೆಯುವುದು. ನಾನು ನಾಜೂಕಾಗಿ ಅರ್ಧ ಎಳೆಯುತ್ತಿದ್ದೆ, ತೋಟಾ ಮಧ್ಯದಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಇದೇನು ರೇಷ್ಮೆ ಬಟ್ಟೆಯಾ, ಗಟ್ಟಿಯಾಗಿ ಎಳಿ ಅಂತ ಮೇಷ್ಟ್ರು ರೇಗಿದರು. ಗುರಿ ಅಭ್ಯಾಸದ ಮೈದಾನದಲ್ಲಿ ಮೊದಲ ಗುಂಡಿಗೆ ಭುಜ ನೀಲಿಗಟ್ಟಿತು. ಐದನೆಯದಕ್ಕೆ ಗುರಿಗಿಟ್ಟ ಡಬ್ಬ ಹಾರಿತು. ಅಪ್ಪ ಇದ್ದಿದ್ದರೆ ಅಂತ ಅನ್ನಿಸಿ ಅಲ್ಲೇ ಅತ್ತೆ.

ಸೋಮವಾರ ವಿಚಾರಣೆ. ಅದರೊಳಗೆ ತಕರಾರು ವಾಪಸ್ ತಗೋ. ಇಲ್ಲದಿದ್ದರೆ ಈ ತೋಟಾ ಕಥೆಯನ್ನೂ ನಿನ್ನ ಹಾಲ್‌ನ ನಾಟಕವನ್ನೂ ಮೇಷ್ಟ್ರ ಸಮೇತ ಅಧಿಕಾರಿಯ ಮುಂದೆ ಇಡುತ್ತೇನೆ. ಯಾರ ಕೈಯಲ್ಲಿ ಅಪಾಯ ಅಂತ ಅವರೇ ತೀರ್ಮಾನಿಸಲಿ.

ಇಂತು,
ನಿನ್ನ ತಂಗಿ

ತಾ.ಕ.: ಲಕೋಟೆ ಅಂಟಿಸಿದ್ದೆ, ಹರಿದು ಮತ್ತೆ ಬರೆಯುತ್ತಿದ್ದೇನೆ. ಆ ತೋಟಾ ತುಂಬಿದವಳು ನಾನು. ಅಪ್ಪ ಹಾಸಿಗೆ ಹಿಡಿಯುವ ಮುಂಚೆ, ಕೈ ನಡುಗುತ್ತೆ, ನೀನೇ ಹಾಕು ಅಂದಿದ್ದರು. ಮೂರು ಹಾಕಿದೆ. ಸಂಜೆ ತೆಗಿ ಅಂದರು. ಹಿಡಿ ಎಳೆದಾಗ ಎರಡು ಬಂದವು. ಮತ್ತೆ ಎಳೆದೆ, ಬರಲಿಲ್ಲ. ಎರಡೇ ಹಾಕಿದ್ದೆನೇನೋ ಅಂದುಕೊಂಡು ಸುಮ್ಮನಾದೆ. ನೀನು ಒಯ್ಯುವ ದಿನ ಬಾಗಿಲಲ್ಲಿ ನಿಂತು, ಖಾಲಿ ತಾನೇ ಅಂತ ನನ್ನನ್ನು ಕೇಳಿದೆ. ಹೌದು ಅಂದೆ. ಬಂದೂಕನ್ನು ಮನುಷ್ಯರ ಕಡೆ ತಿರುಗಿಸಿದ್ದು ನಿನ್ನ ತಪ್ಪು, ಅದನ್ನು ನಾನು ಬಿಟ್ಟುಕೊಡುವುದಿಲ್ಲ. ಆದರೆ ನೀನು ತಿರುಗಿಸಿದ್ದು ನನ್ನ ಮಾತು ನಂಬಿಕೊಂಡು. ಬೇಕಾದರೆ ಸೋಮವಾರ ಈ ಹಾಳೆಯನ್ನೇ ಅಧಿಕಾರಿಗೆ ತೋರಿಸು, ಬಂದೂಕು ಹೋದರೆ ಹೋಗಲಿ. ಅವತ್ತು ನಾನು ಸತ್ತಿದ್ದರೆ, ತಪ್ಪು ನನ್ನದೂ ಇತ್ತು ಅಂತ ಹೇಳಲು ನಿನ್ನ ಪರ ಯಾರೂ ಇರುತ್ತಿರಲಿಲ್ಲ, ಅಣ್ಣ.