ರೈಸರ್ ಬೋರ್ಡ್ ಮತ್ತು ದೋನ್ಯಾ ಎರ್ಮಿನಿಯಾ

ತರಾಟಾ, ಜೂನ್ 9, ಮಂಗಳವಾರ

ಸರ್ವರ್ ತುಂಬಿದೆ, ಇವತ್ತು ಜಾಗ ಮಾಡದಿದ್ದರೆ ಹಳೆಯ ಧ್ವನಿಮುದ್ರಣಗಳನ್ನು ಅಳಿಸಿಬಿಡು ಎಂದಿದ್ದರು ನಮ್ಮ ರೇಡಿಯೋ ನಿರ್ದೇಶಕರು. ಹೊಸ ಡಿಸ್ಕ್‌ಗಳನ್ನು ಜೋಡಿಸಲು ಬೇಕಾದ ಕಾರ್ಡ್ ತಂದಿದ್ದೆ. ಸರ್ವರ್‌ನ ಆ ಚಪ್ಪಟೆ ಪೆಟ್ಟಿಗೆಯಲ್ಲಿ ಅದು ನೇರ ನಿಲ್ಲುವುದೇ ಇಲ್ಲ.

ಟಾರ್ಚ್ ಹಿಡಿದಿದ್ದ ಹಿರಿಯ ಉದ್ಘೋಷಕಿ ದೋನ್ಯಾ ಎರ್ಮಿನಿಯಾ, “ನಿಲ್ಲಲ್ಲ ಅಂದ್ರೆ ಮಲಗ್ಸೇ ಮಗಳೇ, ಅದನ್ನೂ ಹೇಳ್ಕೊಡ್ಬೇಕಾ?” ಎಂದರು.

ನಗು ಬಂತು. ಕಾರ್ಡಿಗೂ ಸರ್ವರ್‌ಗೂ ನಡುವೆ ಕೂರುವ ರೈಸರ್ ಬೋರ್ಡ್ ಎಂಬ ಪುಟ್ಟ ಹಲಗೆ ಮಾಡುವುದೂ ಅದನ್ನೇ! ಮೂಲೆಯಲ್ಲಿ ಕೆಟ್ಟು ಬಿದ್ದಿದ್ದ ಅದೇ ಬಗೆಯ ಸರ್ವರ್‌ನಿಂದ ಒಂದನ್ನು ಬಿಚ್ಚಿ ತಂದು ಕೂರಿಸಿ, ಕಾರ್ಡನ್ನು ಅಡ್ಡಲಾಗಿ ಸಿಕ್ಕಿಸಿದೆ. ಮೂರನೇ ಸಲ ಆನ್ ಮಾಡಿದಾಗ ಹೊಸ ಡಿಸ್ಕ್‌ಗಳು ಪರದೆಯ ಮೇಲೆ ಕಾಣಿಸಿಕೊಂಡವು. ಇನ್ನು ಏನನ್ನೂ ಅಳಿಸಬೇಕಿಲ್ಲ.

ಪರೀಕ್ಷೆಗೆಂದು ಎಲ್ಲಕ್ಕಿಂತ ಹಳೆಯದನ್ನು ಹಾಕಿದೆ. ಅದರಲ್ಲಿ ಇಪ್ಪತ್ತೆರಡು ವರ್ಷದ ದೋನ್ಯಾ ಎರ್ಮಿನಿಯಾ ಕೆಚುವಾ ಭಾಷೆಯಲ್ಲಿ ಹಿಮದ ಮುನ್ಸೂಚನೆ ಓದುತ್ತಿದ್ದರು.

“ಅಯ್ಯೋ, ಯಾಕಿಷ್ಟು ಓಡ್ತಿದ್ದಾಳೆ ಇವಳು?” ಎಂದು ದೋನ್ಯಾ ಎರ್ಮಿನಿಯಾ ಕಣ್ಣೊರೆಸಿಕೊಂಡರು.

ಈಗಲೂ ಅಷ್ಟೇ ವೇಗವಾಗಿ ಓದುತ್ತಾರೆ.